ಕಳ್ಳಂಬೆಳ್ಳದಿಂದ ಗಾಲ್ಫ್ ಮೈದಾನದವರೆಗೆ

ದುಬೈಯಲ್ಲಿರುವ ನನ್ನ ತಂಗಿ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುತ್ತಾಳೆ. ಬಂದ ದಿನ ಅಮ್ಮಿಯನ್ನು ತಬ್ಬಿಕೊಂಡು ಅಳುತ್ತಾಳೆ, ಹೊರಡುವ ದಿನ ಮತ್ತೊಮ್ಮೆ ತಬ್ಬಿಕೊಂಡು ಅಳುತ್ತಾಳೆ. ಈ ಎರಡು ಅಳುವಿನ ನಡುವಿನ ಮೂವತ್ತು ದಿನ ಎಲ್ಲಿ ಹೋಯಿತೆಂದು ಅವಳಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಹದಿನೈದು ದಿನ ಅತ್ತೆಯ ಮನೆ, ಮೂರು ನಾಲ್ಕು ಮದುವೆ, ಒಂದೆರಡು ಸಾವಿನ ಮನೆ, ಮಕ್ಕಳ ಹಲ್ಲು ತೋರಿಸುವುದು, ಆಧಾರ್ ಕಾರ್ಡಿನ ತಿದ್ದುಪಡಿ. ಉಳಿದ ದಿನಗಳಲ್ಲಿ ಅವಳನ್ನು ನೋಡಲು ಬರುವ ನೆಂಟರಿಗೆ ಬಿರಿಯಾನಿ ಬೇಯಿಸುವುದು. ಬೇಯಿಸುವವಳೂ ಅವಳೇ.

ಕಳೆದ ಸಲ ಟಿಕೆಟ್ ಮಾಡಿಸಿದ ದಿನ ರಾತ್ರಿ ಫೋನ್ ಮಾಡಿದಳು. “ಆಪಾ, ಈ ಸಲ ಹೊರಡೋ ಮುಂಚೆ ನನಗೆ ಎರಡು ದಿನ ಬೇಕು. ಯಾರ ಮನೆಗೂ ಹೋಗೋದು ಬೇಡ. ನೀನು, ನಾನು, ಅಮ್ಮಿ, ಮಕ್ಕಳು. ಎಲ್ಲಾದ್ರೂ ಸರಿ” ಎಂದಳು. ಹಿಂದಿನಿಂದ ಅವಳ ಗಂಡನ ದನಿ ಕೇಳಿಸಿತು: “ಆಪಾ, ಹಾಗೇ ಹತ್ತಿರದಲ್ಲಿ ಎಲ್ಲಾದ್ರೂ ಗಾಲ್ಫ್ ಇದ್ಯಾ ನೋಡಿ!”

ಅಮ್ಮಿಗೆ ಕೇಳಿಸಲೆಂದು ಫೋನನ್ನು ಸ್ಪೀಕರಿಗೆ ಹಾಕಿದ್ದೆ. “ಅದೇನದು ಗಾಲ್ಫು?” ಎಂದರು ಅಮ್ಮಿ. “ಚಿನ್ನಿದಾಂಡಿನ ಥರ ಅಜ್ಜಿ, ಆದರೆ ದುಡ್ಡಿರೋರು ಆಡೋದು” ಎಂದಳು ನನ್ನ ಮಗಳು. “ಹಾಗಾದ್ರೆ ನಮ್ಮ ಕೆರೆ ಅಂಗಳದಲ್ಲಿ ಆಡ್ಲಿ ಬಿಡು, ಬೇಕಾದಷ್ಟು ಜಾಗ ಇದೆ” ಎಂದು ಅಮ್ಮಿ ತಮ್ಮ ಎಲೆ ಅಡಿಕೆಯ ಡಬ್ಬಿ ಹುಡುಕಿಕೊಂಡು ಎದ್ದುಹೋದರು.

ಕಳ್ಳಂಬೆಳ್ಳವನ್ನು ನಿಮ್ಮಲ್ಲಿ ಅನೇಕರು ನೋಡಿಯೇ ಇರುತ್ತೀರಿ, ನೋಡಿದ್ದು ನೆನಪಿರಲಾರದು ಅಷ್ಟೆ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತುಮಕೂರು ದಾಟಿ, ಶಿರಾ ಬರುವುದಕ್ಕೆ ಮೊದಲು ನಮ್ಮ ಊರು. 2008ಕ್ಕೆ ಮೊದಲು ಇದೇ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು, ಹಾಗಾಗಿ ಚುನಾವಣೆ ಬಂದಾಗಲಾದರೂ ಪತ್ರಿಕೆಯಲ್ಲಿ ಹೆಸರು ಬರುತ್ತಿತ್ತು. ಈಗ ಅದೂ ಇಲ್ಲ. ಊರಿಗೆ ಒಂದು ದೊಡ್ಡ ಕೆರೆ. ನಾನು ಚಿಕ್ಕವಳಿದ್ದಾಗ ವರ್ಷಗಟ್ಟಲೆ ಒಣಗಿ ಬಿರುಕು ಬಿಟ್ಟಿರುತ್ತಿದ್ದ ಈ ಕೆರೆಗೆ ಈಗ ಹೇಮಾವತಿ ನಾಲೆಯ ನೀರು ಬರುತ್ತದೆ. ನೀರು ತುಂಬಿದ ವರ್ಷ ಏರಿಯ ಮೇಲೆ ನಿಂತು ನೋಡುವುದೇ ಒಂದು ಹಬ್ಬ. ಹೆದ್ದಾರಿಯಲ್ಲಿ ಹಗಲೂ ರಾತ್ರಿ ವಾಹನಗಳು ಹಾಯುತ್ತವೆ, ಯಾರೂ ಇಳಿಯುವುದಿಲ್ಲ. ಅವಳು ಹಾಗೆ ಕೇಳಿದಾಗ, ದೂರದ ಊಟಿ, ಮಡಿಕೇರಿಗಳ ಬದಲು ನಮ್ಮ ಸುತ್ತಮುತ್ತಲೇ ಏಕೆ ಎರಡು ದಿನ ತಿರುಗಬಾರದು ಎಂದು ಯೋಚಿಸಿದ್ದು ಇದೇ ಕಾರಣಕ್ಕೆ.

ಆದರೆ ಗಾಲ್ಫ್? ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲೂಕು ಬಂಡೆ, ಕಡಲೆಕಾಯಿ ಹೊಲ, ಹುಣಸೆಮರಗಳ ಸೀಮೆ. ಗಾಲ್ಫ್ ಬೇಕೆಂದರೆ ಬೆಂಗಳೂರಿನ ಕಡೆಗೇ ಹೋಗಬೇಕು. ಅಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು, ಬ್ರಿಟಿಷರ ಕಾಲದ್ದು. ದೊಮ್ಮಲೂರಿನ ಬಳಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿದೆ. ಮೈಸೂರು ರಸ್ತೆಯ ಬಿಡದಿ ಹತ್ತಿರ ಈಗಲ್‌ಟನ್, ದೇವನಹಳ್ಳಿಯಿಂದ ನಂದಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಪ್ರೆಸ್ಟೀಜ್ ಗಾಲ್ಫ್‌ಶೈರ್. ಈ ಕೊನೆಯ ಹೆಸರು ನೋಡಿದಾಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ತಂಗಿಯ ಮನೆಯವರು ವಿಮಾನ ಹತ್ತುವುದು ದೇವನಹಳ್ಳಿಯಲ್ಲಿ. ಹೊರಡುವ ಹಿಂದಿನ ಎರಡು ದಿನ ನಮ್ಮ ಕಡೆಯೆಲ್ಲ ಸುತ್ತಿಕೊಂಡು, ಮಧುಗಿರಿ, ಗೌರಿಬಿದನೂರು ಮಾರ್ಗವಾಗಿ ದೇವನಹಳ್ಳಿ ತಲುಪಿದರೆ, ಕೊನೆಯ ದಿನ ಬೆಳಿಗ್ಗೆ ಅವರು ಗಾಲ್ಫ್ ಆಡಲಿ, ರಾತ್ರಿ ವಿಮಾನ ಹತ್ತಲಿ. ಎರಡು ರಾತ್ರಿ, ಮೂರು ಹಗಲು.

ಮಾರನೆಯ ವಾರ ಅಳಿಯಂದಿರು ವಾಟ್ಸ್ಯಾಪಿನಲ್ಲಿ ತಮ್ಮದೇ ಯೋಜನೆಯೊಂದನ್ನು ಕಳುಹಿಸಿದರು. ನನ್ನ ಯಜಮಾನರೂ ಅದಕ್ಕೆ ಸೈ ಎಂದಿದ್ದರು. ಮೊದಲ ದಿನ ಮಧುಗಿರಿ ಬೆಟ್ಟ ಹತ್ತುವುದು, ಎರಡನೆಯ ದಿನ ಕೊರಟಗೆರೆಯ ಸಿದ್ಧರಬೆಟ್ಟ, ಮೂರನೆಯ ದಿನ ಗಾಲ್ಫ್. “ಲೇಡೀಸ್ ರೂಮಿನಲ್ಲಿ ರೆಸ್ಟ್ ತಗೊಳ್ಳಲಿ. ಅಮ್ಮಿಗೆ ಮಂಡಿ ನೋವು, ಅವರು ಮನೆಯಲ್ಲೇ ಇದ್ದರೆ ಒಳ್ಳೇದು. ದಾರಿಗೆ ಬಿರಿಯಾನಿ, ಕಬಾಬ್ ಮನೆಯಿಂದಲೇ ಮಾಡಿಸಿಕೊಂಡು ಹೋದರೆ ಹಲಾಲ್ ಹೋಟೆಲ್ ಹುಡುಕುವ ಚಿಂತೆ ಇಲ್ಲ” ಎಂದು ಕೆಳಗೆ ಬರೆದಿದ್ದರು. ಇಬ್ಬರೂ ಒಳ್ಳೆಯವರು, ಕೆಟ್ಟ ಉದ್ದೇಶದಿಂದ ಬರೆದದ್ದಲ್ಲ. ಆದರೆ ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೂರು ದಿನದ ಅಡುಗೆಯನ್ನು ಹಿಂದಿನ ರಾತ್ರಿಯೇ ಮಾಡಿ ಮುಗಿಸಿ, ಬೇರೆ ಊರಿನ ನಾಲ್ಕು ಗೋಡೆಗಳ ನಡುವೆ ಕೂರುವುದಕ್ಕೆ ನಮ್ಮ ಮನೆಯ ಗೋಡೆಗಳು ಏನು ಕಡಿಮೆ?

ಆ ಕಾಗದವನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ. ನನ್ನ ಷರತ್ತು ಎರಡೇ. ಮೂರು ದಿನ ಯಾರೂ ಒಲೆ ಹಚ್ಚುವಂತಿಲ್ಲ. ಅಮ್ಮಿ ಬರಲೇಬೇಕು.

ಅಮ್ಮಿಯ ವಿಷಯ ಸ್ವಲ್ಪ ಹೇಳಬೇಕು. ಅವರಿಗೆ ಎಪ್ಪತ್ತೆರಡು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವರು ಬೇರೆ ಕಡೆ ರಾತ್ರಿ ಕಳೆದದ್ದು ಎರಡೇ ಬಗೆಯ ಜಾಗಗಳಲ್ಲಿ, ನೆಂಟರ ಮನೆ ಅಥವಾ ಆಸ್ಪತ್ರೆ. ಅಬ್ಬಾ ತೀರಿಕೊಳ್ಳುವ ಮುಂಚೆ ಇಪ್ಪತ್ತಮೂರು ದಿನ ಬೆಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ನೆಂಟರ ಮನೆಗೆ ಹೋದರೂ ಮಾರನೆಯ ಬೆಳಿಗ್ಗೆ ಮೊದಲು ಏಳುವವರು ಅವರೇ, ಚಹಾಕ್ಕೆ ನೀರಿಡುವವರೂ ಅವರೇ. “ದುಡ್ಡು ಕೊಟ್ಟು, ಯಾರೋ ಮಲಗಿದ್ದ ಹಾಸಿಗೆ ಮೇಲೆ ಮಲಗೋದಾ? ತೌಬಾ” ಎಂದರು. ಮೂರು ದಿನ ಒಪ್ಪಲಿಲ್ಲ. ಕೊನೆಗೆ ತಂಗಿ ಫೋನಿನಲ್ಲಿ, “ನೀವು ಬರಲ್ಲ ಅಂದ್ರೆ ನಾನೂ ಹೋಗಲ್ಲ ಅಮ್ಮಿ” ಎಂದ ಮೇಲೆ, ತಮ್ಮದೇ ಹೊದಿಕೆ, ತಮ್ಮದೇ ದಿಂಬಿನ ಚೀಲ ತರುತ್ತೇನೆಂಬ ಒಪ್ಪಂದಕ್ಕೆ ಬಂದರು.

ಹಾಗಾಗಿ ಎಲ್ಲಕ್ಕಿಂತ ಮೊದಲು ಗೊತ್ತು ಮಾಡಬೇಕಾದದ್ದು ಉಳಿಯುವ ಜಾಗ. ನೋಡುವ ಜಾಗಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಬಚ್ಚಲು ಸರಿಯಿಲ್ಲದಿದ್ದರೆ ಮಂಡಿ ನೋವಿನ ಹೆಂಗಸಿಗೆ ಯಾವ ಕೋಟೆಯೂ ಚಂದ ಕಾಣುವುದಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಒಂದು ಭಾನುವಾರ ನಾನೂ ಮಗಳೂ ರೂಮು ನೋಡಲು ಹೊರಟೆವು. ಮೊದಲು ಹೋದ ಲಾಡ್ಜಿನಲ್ಲಿ ಕೌಂಟರಿನ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಜೊತೆಗೆ ಜೆಂಟ್ಸ್ ಯಾರೂ ಬಂದಿಲ್ವಾ ಮೇಡಂ?” ಎಂದ. ಇಲ್ಲ ಎಂದೆ. “ಬರೀ ಲೇಡೀಸಿಗೆ ರೂಮ್ ತೋರ್ಸಲ್ಲ. ಓನರ್ ಬೈತಾರೆ.” ನಾವು ಎಂಟು ಜನ ಬರುತ್ತೇವೆ, ಅದರಲ್ಲಿ ಗಂಡಸರೂ ಇದ್ದಾರೆ, ಈಗ ನೋಡಲು ಮಾತ್ರ ಬಂದದ್ದು ಎಂದರೂ ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವಳು ನಾನು, ಅವನ ವಯಸ್ಸಿನ ಹುಡುಗರು ರಸ್ತೆಯಲ್ಲಿ ಸಿಕ್ಕರೆ ಸಲಾಂ, ನಮಸ್ಕಾರ ಹೇಳಿ ಹೋಗುತ್ತಾರೆ. ಅಲ್ಲಿ ಮಗಳ ಎದುರಿಗೆ ಏನೋ ಕದಿಯಲು ಬಂದವಳಂತೆ ನಿಲ್ಲಬೇಕಾಯಿತು. ಹೊರಗೆ ಬಂದ ಮೇಲೆ ಮಗಳು, “ಮನೆಗೆ ಹೋಗೋಣ ಅಮ್ಮಾ” ಎಂದಳು. ಕಬ್ಬಿನ ಹಾಲು ಕುಡಿದು ಇನ್ನೊಂದು ಬೀದಿಗೆ ಹೋದೆವು.

ಮಧುಗಿರಿಯಲ್ಲಿ ಹೊಸದಾಗಿ ಕಟ್ಟಿದ ಒಂದು ಲಾಡ್ಜ್ ಸಿಕ್ಕಿತು. ಅಲ್ಲಿನ ವಯಸ್ಸಾದ ಮ್ಯಾನೇಜರು ಬೀಗದ ಕೈಗಳನ್ನೇ ನಮ್ಮ ಕೈಗಿತ್ತು, “ನೋಡ್ಕೊಂಡ್ ಬನ್ನಿ ತಾಯಿ” ಎಂದರು. ಕೋಣೆ ನೋಡುವುದೂ ಒಂದು ವಿದ್ಯೆ. ಮೊದಲು ಬಾಗಿಲಿನ ಚಿಲಕ ಹಾಕಿ ತೆಗೆದು ನೋಡಿದೆ. ಕೂರುವ ಕಮೋಡ್ ಇದೆಯೇ, ಪಕ್ಕದಲ್ಲಿ ನೀರಿನ ಪೈಪು ಇದೆಯೇ, ಬಚ್ಚಲಿನ ನೆಲ ಜಾರುತ್ತದೆಯೇ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಮೆಟ್ಟಿಲು ಹತ್ತದೆ ನೆಲಮಹಡಿಯಲ್ಲೇ ಕೋಣೆ ಸಿಗುತ್ತದೆಯೇ. ಕಿಟಕಿ ವರಾಂಡಕ್ಕೆ ತೆರೆದರೆ ಪರದೆ ದಪ್ಪವಿರಬೇಕು. ಮಂಚ ಬಿಟ್ಟು ಎರಡು ಜಾನಮಾಝ್ ಹಾಸುವಷ್ಟು ಜಾಗವಿರಬೇಕು. ಕಿಬ್ಲಾ ಯಾವ ಕಡೆ ಎಂದು ಮಗಳು ಮೊಬೈಲಿನಲ್ಲಿ ನೋಡಿಕೊಂಡಳು. ಒಂದಕ್ಕೊಂದು ಹೊಂದಿಕೊಂಡ ಮೂರು ಕೋಣೆ ಹೇಳಿ, ಅಲ್ಲೇ ಮುಂಗಡ ಕೊಟ್ಟು ರಸೀದಿ ಪಡೆದೆವು. ತಾಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳೂ ಇವೆ. ವಿಶಾಲ, ಅಗ್ಗ, ಸುತ್ತ ಮರಗಳು. ಆದರೆ ಯಾವುದಾದರೂ ಸಾಹೇಬರು ಬರುತ್ತಾರೆಂದರೆ ನಮ್ಮ ಕೋಣೆ ರದ್ದಾಗಬಹುದು, ಮುದುಕರನ್ನು ಕರೆದುಕೊಂಡು ಹೋಗುವವರು ಅದನ್ನೇ ನಂಬಿ ಹೊರಡಬಾರದು.

ದೇವನಹಳ್ಳಿಯ ಹತ್ತಿರ ಗಾಲ್ಫ್ ಮೈದಾನದ ಪಕ್ಕದಲ್ಲೇ ಜೆ.ಡಬ್ಲ್ಯು. ಮ್ಯಾರಿಯೆಟ್ ಎಂಬ ದೊಡ್ಡ ಹೋಟೆಲಿದೆ, 2022ರಲ್ಲಿ ತೆರೆದದ್ದು. ಅಳಿಯಂದಿರಿಗೆ ಎಲ್ಲರೂ ಅಲ್ಲೇ ಉಳಿಯಬೇಕೆಂಬ ಆಸೆ. ಒಂದು ಕೋಣೆಯ ಒಂದು ರಾತ್ರಿಯ ಬಾಡಿಗೆ ಕೇಳಿದೆ. ನನ್ನ ಅರ್ಧ ತಿಂಗಳ ಸಂಬಳ. ನಮಗೆ ಬೇಕಾದದ್ದು ಮೂರು ಕೋಣೆ. “ನೀವು ಕೊಡಬಲ್ಲಿರಿ, ನಿಜ. ಆದರೆ ಅಮ್ಮಿಗೆ ಬಾಡಿಗೆ ಎಷ್ಟು ಅಂತ ಗೊತ್ತಾದರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ” ಎಂದೆ. ಊರೊಳಗೆ ಸಾಧಾರಣ ಹೋಟೆಲೊಂದನ್ನು ಗೊತ್ತು ಮಾಡಿದೆವು. ಮೈದಾನಕ್ಕೆ ಪ್ರವೇಶ ಕೊಡಿಸುವ ಹೊಣೆ ಅವರದು, ಏಕೆಂದರೆ ಗಾಲ್ಫ್ ಮೈದಾನಗಳಿಗೆ ಉದ್ಯಾನವನಕ್ಕೆ ಹೋದಂತೆ ಟಿಕೆಟ್ ತೆಗೆದುಕೊಂಡು ಹೋಗಲಾಗದು. ಸಾಮಾನ್ಯವಾಗಿ ಸದಸ್ಯರೊಬ್ಬರ ಅತಿಥಿಯಾಗಿ ಹೋಗಬೇಕು, ಇಲ್ಲವೆ ಮೊದಲೇ ಸಮಯ ಗೊತ್ತುಮಾಡಿಕೊಂಡು ಶುಲ್ಕ ಕಟ್ಟಬೇಕು. ಅವರ ಕಂಪೆನಿಯ ಗೆಳೆಯರೊಬ್ಬರು ಸದಸ್ಯರಾಗಿದ್ದರಿಂದ ಕೆಲಸ ಸುಲಭವಾಯಿತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಫಜ್ರ್ ಮುಗಿಸಿ ಟಿ.ಟಿ. ಹತ್ತಿದೆವು. ದುಬೈಗೆ ಹೋಗುವ ಸೂಟ್‌ಕೇಸುಗಳೂ ಜೊತೆಗೆ. ಅಮ್ಮಿ ಹೊದಿಕೆಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮೊದಲು ಹೋದದ್ದು ಕಗ್ಗಲಡುವಿಗೆ. ಶಿರಾದಿಂದ ಸುಮಾರು 9 ಕಿ.ಮೀ. ದೂರದ ಈ ಚಿಕ್ಕ ಹಳ್ಳಿಗೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಮರಿ ಮಾಡಲು ಬರುತ್ತವೆ. ಪಕ್ಷಿಧಾಮವೆಂದರೆ ಬೇಲಿ, ದ್ವೀಪ, ದೋಣಿ ಎಂದುಕೊಂಡಿದ್ದ ಮಕ್ಕಳಿಗೆ ಆಶ್ಚರ್ಯ. ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು! ಕೆಳಗೆ ಎಮ್ಮೆ ಕಟ್ಟಿದ್ದಾರೆ, ಹೆಂಗಸರು ಪಾತ್ರೆ ತೊಳೆಯುತ್ತಿದ್ದಾರೆ, ಮೇಲೆ ಟಕಟಕ ಎಂದು ಕೊಕ್ಕು ಬಡಿಯುವ ಸದ್ದು. ಫೆಬ್ರವರಿಯ ಹೊತ್ತಿಗೆ ಬಂದು ಗೂಡು ಕಟ್ಟುವ ಹಕ್ಕಿಗಳು ಮಳೆಗಾಲದ ನಡುವೆ ಮರಿಗಳೊಂದಿಗೆ ಹೊರಡುತ್ತವೆ. ನಾವು ಹೋದಾಗ ಗೂಡುಗಳಲ್ಲಿ ಮರಿಗಳಿದ್ದವು. ಬಣ್ಣದ ಕೊಕ್ಕರೆಯಲ್ಲಿ ಗಂಡೂ ಹೆಣ್ಣೂ ಸರದಿಯಂತೆ ಕಾವು ಕೊಡುತ್ತವೆ, ಸರದಿಯಂತೆ ಮೀನು ತರುತ್ತವೆ. ಬಿಸಿಲು ಏರಿದಾಗ ರೆಕ್ಕೆ ಹರಡಿ ಮರಿಗಳಿಗೆ ನೆರಳು ಮಾಡಿ ನಿಲ್ಲುತ್ತವೆ. ಎಂಟು ಗಂಟೆಗೇ ಒಂದು ಹಕ್ಕಿ ಹಾಗೆ ರೆಕ್ಕೆ ಬಿಚ್ಚಿ ನಿಂತದ್ದನ್ನು ಕಂಡೆವು. ಎಷ್ಟು ಹೊತ್ತು ನಿಂತಿತೋ, ಅಮ್ಮಿಯೂ ಅಷ್ಟೇ ಹೊತ್ತು ಕುತ್ತಿಗೆ ಎತ್ತಿ ನಿಂತರು.

ಅಲ್ಲಿನ ಹೆಂಗಸೊಬ್ಬರು ಅಮ್ಮಿಗೆ ಕುರ್ಚಿ ತಂದು ಹಾಕಿದರು. ಹಕ್ಕಿ ಕೂತ ಮರಗಳ ಹುಣಸೆಹಣ್ಣಿನ ಆಸೆಯನ್ನು ಊರಿನವರು ಬಿಟ್ಟಿದ್ದಾರೆ. ಬಡಿದರೆ ಹಕ್ಕಿ ಬೆದರುತ್ತವೆಂದು. ಹುಣಸೆಹಣ್ಣಿನ ಬೆಲೆ ಗೊತ್ತಿರುವ ನಮ್ಮ ಸೀಮೆಯಲ್ಲಿ ಇದು ಚಿಕ್ಕ ತ್ಯಾಗವಲ್ಲ. “ವಾಸನೆ ಬರಲ್ವಾ?” ಎಂದು ಅಮ್ಮಿ ಕೇಳಿದರು. “ಬರ್ತದೆ, ಬಟ್ಟೆ ಒಣಹಾಕಂಗಿಲ್ಲ. ಏನ್ ಮಾಡದು, ಬಾಣಂತಿಗೆ ಬಂದಿರವು” ಎಂದರು ಆಕೆ. ಇಬ್ಬರೂ ನಕ್ಕರು.

ಶಿರಾ ನಮಗೆ ಹೊಸದಲ್ಲ. ಬಟ್ಟೆ, ಬಂಗಾರ, ಡಾಕ್ಟರು ಎಲ್ಲಕ್ಕೂ ಶಿರಾಗೇ ಹೋಗುತ್ತೇವೆ. ಆದರೆ ನೋಡಲೆಂದು ಹೋದದ್ದು ಎಷ್ಟು ಸಲ? ಅಂಚೆ ಮೂಲಕ ಬಿ.ಎ. ಮಾಡುವಾಗ ಇತಿಹಾಸದ ಪುಸ್ತಕದಲ್ಲಿ ಶಿರಾದ ಹೆಸರು ಕಂಡು, ಇದು ನಮ್ಮ ಪಕ್ಕದ ಶಿರಾನೇ ಎಂದು ಎರಡು ಸಲ ಓದಿದ್ದೆ. 1687ರಲ್ಲಿ ಔರಂಗಜೇಬನ ಕಾಲದಲ್ಲಿ ಶಿರಾ ಮೊಘಲರ ಒಂದು ಪ್ರಾಂತ್ಯದ ರಾಜಧಾನಿಯಾಯಿತು. ಇತ್ತ ಬಸವಾಪಟ್ಟಣ, ಬೂದಿಹಾಳಗಳಿಂದ ಅತ್ತ ಪೆನುಕೊಂಡ, ಕೋಲಾರದವರೆಗಿನ ಪರಗಣಗಳ ಆಡಳಿತ ನಡೆಯುತ್ತಿದ್ದದ್ದು ಇಲ್ಲಿಂದ. ಅದಕ್ಕೂ ಮೊದಲು ಬಿಜಾಪುರದವರ ಕಾಲದಲ್ಲಿ ಇಲ್ಲಿ ಅಧಿಕಾರಿಯಾಗಿದ್ದವರು ಮಲಿಕ್ ರಿಹಾನ್. ಅವರ ಸಮಾಧಿ 1651ರದು. ಕಲ್ಲಿನ ಜುಮ್ಮಾ ಮಸೀದಿ 1696ರದು. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1761ರಲ್ಲಿ ಶಿರಾ ಹೈದರಾಲಿಯ ವಶವಾಯಿತು, ಅವರಿಗೆ ನವಾಬ್ ಎಂಬ ಬಿರುದು ಬಂದದ್ದು ಈ ಊರಿನ ಹೆಸರಿನಲ್ಲಿ. ಶಿರಾದ ಖಾನ್ ಬಾಗ್ ತೋಟವನ್ನು ಕಂಡೇ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಮಾಡಿಸಿದರೆಂದು ಹೇಳುತ್ತಾರೆ. ಮುಂದೆ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆ ಕಟ್ಟುವಾಗ ಶಿರಾದಿಂದ 12,000 ಕುಟುಂಬಗಳನ್ನು ಕರೆದೊಯ್ದರಂತೆ. ಊರು ಬಡವಾದದ್ದು ಹಾಗೆ.

ಮಲಿಕ್ ರಿಹಾನ್‌ರ ಸಮಾಧಿಯ ಗುಮ್ಮಟದ ಕೆಳಗೆ ನಿಂತಾಗ ಹೊರಗಿನ ಬಿಸಿಲಿನ ನೆನಪೇ ಇರಲಿಲ್ಲ, ಅಷ್ಟು ತಂಪು. “ಇಲ್ಲೇ ಪಕ್ಕದ ರಸ್ತೆಯಲ್ಲಿ ನಿನ್ನ ಮದುವೆ ಸೀರೆ ತಗೊಂಡಿದ್ದು” ಎಂದು ಅಮ್ಮಿ ತಂಗಿಗೆ ಹೇಳಿದರು. “ಆವತ್ತು ಇಲ್ಲಿಗೆ ಬರಬೇಕು ಅಂತ ಅನಿಸಲೇ ಇಲ್ಲ ನೋಡು.”

ಶಿರಾದಲ್ಲಿ ಹಲಾಲ್ ಊಟಕ್ಕೆ ಬರವಿಲ್ಲ. ಅಲ್ಲಿಯೇ ಹೊಟ್ಟೆ ತುಂಬ ಉಂಡು, ಮುಂದಿನ ಒಂದೂವರೆ ದಿನ ಇಡ್ಲಿ, ಅನ್ನ, ಸಾರಿನಲ್ಲಿ ಕಳೆಯುವುದೆಂದು ತೀರ್ಮಾನಿಸಿದ್ದೆವು. ಮಕ್ಕಳು ಗೊಣಗಿದರು, ನಾವು ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಧುಗಿರಿಯ ಬಂಡೆ ದೂರದಿಂದಲೇ ಕಾಣಿಸಿತು. ಅದು ಬೆಟ್ಟವಲ್ಲ, ಒಂದೇ ಕಲ್ಲು. ಸಮುದ್ರಮಟ್ಟದಿಂದ 3,930 ಅಡಿ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂಬ ಹೆಗ್ಗಳಿಕೆ ಇದಕ್ಕಿದೆ. ಕಂಬಿ ಹಿಡಿದು, ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳಲ್ಲಿ ಹತ್ತಬೇಕು. ಏಪ್ರಿಲ್ ಇದಕ್ಕೆ ತಕ್ಕ ತಿಂಗಳಲ್ಲ. ಹತ್ತಬೇಕೆಂದಿದ್ದರೆ ಚಳಿಗಾಲದಲ್ಲಿ, ಬೆಳಕು ಹರಿಯುವ ಹೊತ್ತಿಗೆ ಬನ್ನಿ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ಸಂಜೆ ಬಿಸಿಲು ಇಳಿದ ಮೇಲೆ ಗಂಡಸರೂ ಮಕ್ಕಳೂ ಕೆಳಗಿನ ಬಾಗಿಲುಗಳವರೆಗೆ ಹೋಗಿಬಂದರು. ನಾನು ಕೆಳಗೆ ಕುಳಿತು ತಂಗಿಗೆ ಬಿದನೂರಿನ ರಾಣಿ ವೀರಮ್ಮಾಜಿಯ ಕಥೆ ಹೇಳಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಆ ರಾಣಿಯನ್ನು ಈ ಕೋಟೆಯಲ್ಲೇ ಸೆರೆಯಲ್ಲಿಟ್ಟಿದ್ದು. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಂಗಸು ಈ ಸುಡುವ ಬಂಡೆಯ ಮೇಲೆ ನಾಲ್ಕು ವರ್ಷ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಬಿಡುಗಡೆಯಾಯಿತು. ಊರಿಗೆ ಮರಳಲಿಲ್ಲ, ಪುಣೆಯ ದಾರಿಯಲ್ಲೇ ತೀರಿಕೊಂಡರು. ಹೈದರಾಲಿಯನ್ನು ನಮ್ಮ ಮನೆಗಳಲ್ಲಿ ಹೊಗಳುವಾಗ ಈ ಕಥೆಯನ್ನು ಯಾರೂ ಹೇಳುವುದಿಲ್ಲ. ತಂಗಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ಫ್ಲಾಟಿನ ಬಾಲ್ಕನಿಯಿಂದ ನೋಡಿದರೂ ಹೀಗೇ ಆಪಾ, ಬರೀ ಕಲ್ಲು ಬಣ್ಣ” ಎಂದಳು. ಹದಿನಾಲ್ಕು ವರ್ಷದಲ್ಲಿ ಅವಳು ಅಲ್ಲಿನ ಬದುಕಿನ ಬಗ್ಗೆ ನನ್ನೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ಮಗ್ರಿಬ್‌ವರೆಗೆ ಮಾತಾಡಿದೆವು. ಅದನ್ನೆಲ್ಲ ಇಲ್ಲಿ ಬರೆಯಲಾರೆ.

ರಾತ್ರಿ ನಾವು ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಮಲಗಿದೆವು. ಅಮ್ಮಿ ಲಾಡ್ಜಿನ ಹಾಸಿನ ಮೇಲೆ ತಮ್ಮ ಹೊದಿಕೆ ಹಾಸಿ, ನಾಲ್ಕು ಮೂಲೆಯನ್ನೂ ಒಳಗೆ ಮಡಚಿ, ಬಿಸ್ಮಿಲ್ಲಾಹ್ ಎಂದು ಮಲಗಿದರು. ನಾಲ್ಕೂವರೆಗೆ ನನಗೆ ಎಚ್ಚರವಾದಾಗ ಅವರು ಮಂಚದ ಅಂಚಿನಲ್ಲಿ ಎದ್ದು ಕುಳಿತಿದ್ದರು. ಏನಮ್ಮಿ, ನಿದ್ದೆ ಬರಲಿಲ್ಲವೇ ಎಂದೆ. “ನಿದ್ದೆ ಬಂತು. ಎದ್ದೆ. ಎದ್ದು ಏನು ಮಾಡಬೇಕು ಅಂತ ಗೊತ್ತಾಗ್ತಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇಲ್ಲಿ ಯಾರಿಗೂ ಚಹಾ ಮಾಡಬೇಕಾಗಿಲ್ಲ, ಅಲ್ವಾ?” ಎಂದರು. ತಂಗಿ ಮಲಗಿದ್ದಲ್ಲಿಂದಲೇ ಕೈ ಚಾಚಿ ಅವರ ಸೆರಗು ಹಿಡಿದುಕೊಂಡಳು. ಎಚ್ಚರವಾಗಿದ್ದಳೆಂದು ಆಗ ಗೊತ್ತಾಯಿತು. ಅಮ್ಮಿ ವುಝೂ ಮಾಡಿ ತಹಜ್ಜುದ್‌ಗೆ ನಿಂತರು. ಫಜ್ರ್ ಆದ ಮೇಲೆ ಮ್ಯಾನೇಜರೇ ಫ್ಲಾಸ್ಕಿನಲ್ಲಿ ಚಹಾ ಕಳುಹಿಸಿದರು. “ಸಕ್ಕರೆ ಜಾಸ್ತಿ” ಎಂದು ಅಮ್ಮಿ ಎರಡು ಲೋಟ ಕುಡಿದರು.

ಎರಡನೆಯ ದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಮಧುಗಿರಿ ತಾಲೂಕಿನದೇ ಆದ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, ಸುಮಾರು 800 ಎಕರೆ. ಬೆಳಿಗ್ಗೆ ಬೇಗ ಹೋದರೆ ಮಾತ್ರ ಚೆನ್ನಾಗಿ ಕಾಣುತ್ತವೆ. ತಿರುಚಿದ ಕೊಂಬಿನ ಕಪ್ಪು ಗಂಡುಗಳು ಒಂದೆರಡು, ಕಂದು ಬಣ್ಣದ ಹೆಣ್ಣುಗಳು ಹಿಂಡುಹಿಂಡು. ಅಲ್ಲಿಂದ ಗೌರಿಬಿದನೂರು. ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ ಜಾಗದಲ್ಲಿ ಸ್ಮಾರಕವಿದೆ, ಇಳಿದು ನೋಡಿದೆವು. ಪಾವಗಡಕ್ಕೆ ಹೋಗಲಾಗಲಿಲ್ಲ. ಅಲ್ಲಿ 13,000 ಎಕರೆಯಲ್ಲಿ ಹಬ್ಬಿರುವ ಸೌರ ವಿದ್ಯುತ್ ಫಲಕಗಳನ್ನು ನೋಡುವ ಆಸೆ ಮಗಳಿಗಿತ್ತು. ಅಮ್ಮಿಯ ಮಂಡಿ, ದಾರಿಯ ದೂರ ಎರಡನ್ನೂ ಲೆಕ್ಕಹಾಕಿ ಬಿಟ್ಟೆ. ಮೂರು ಜಾಗ ಬಿಟ್ಟರೆ ಎರಡು ಜಾಗವನ್ನು ಸರಿಯಾಗಿ ನೋಡಬಹುದು. ಸಂಜೆ ದೇವನಹಳ್ಳಿಯಲ್ಲಿ ಟಿಪ್ಪು ಸುಲ್ತಾನರು ಹುಟ್ಟಿದ ಜಾಗಕ್ಕೆ ಹೋದೆವು. ನಾಲ್ಕು ಕಂಬಗಳ ಚಿಕ್ಕ ಕಲ್ಲಿನ ಮಂಟಪ, ಒಂದು ಫಲಕ, ಸುತ್ತ ಸ್ವಲ್ಪ ಜಾಗ, ಅಷ್ಟೆ. “ಇಷ್ಟೇನಾ?” ಎಂದ ತಂಗಿಯ ಮಗ. ದೊಡ್ಡವರು ಹುಟ್ಟುವಾಗ ಎಲ್ಲರ ಹಾಗೇ ಚಿಕ್ಕ ಜಾಗದಲ್ಲೇ ಹುಟ್ಟುವುದು ಎಂದು ಅಮ್ಮಿ ಅವನ ತಲೆ ಸವರಿದರು.

ಮೂರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಗಾಲ್ಫ್ ಮೈದಾನ. ನಂದಿಬೆಟ್ಟದ ಸಾಲು ಎದುರಿಗೆ, ಕೆಳಗೆ ಕಣ್ಣು ಹಾಯುವಷ್ಟೂ ಹಸಿರು. ಆಟ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದರ ನಂತರ ಒಂದರಂತೆ 18 ಕುಳಿಗಳು. ಪ್ರತಿಯೊಂದಕ್ಕೂ ದೂರದಿಂದ ಚೆಂಡು ಹೊಡೆಯುತ್ತ ಬಂದು ಕೊನೆಗೆ ಕುಳಿಯೊಳಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತದಲ್ಲಿ ಮುಗಿಸುತ್ತೀರೋ ಅಷ್ಟು ಒಳ್ಳೆಯದು. ಚೀಲದಲ್ಲಿ ಹೆಚ್ಚೆಂದರೆ 14 ದಾಂಡುಗಳು, ದೂರಕ್ಕೊಂದು, ಮರಳಿಗೊಂದು, ಕೊನೆಯ ಮೆಲ್ಲನೆಯ ತಳ್ಳಿಗೊಂದು. ಚೀಲ ಹೊತ್ತು ಜೊತೆಗೆ ನಡೆಯುವವನನ್ನು ಕ್ಯಾಡಿ ಎನ್ನುತ್ತಾರೆ. ಪೂರ್ತಿ ಆಡಲು ನಾಲ್ಕು ಐದು ಗಂಟೆ ಬೇಕು, ಆದ್ದರಿಂದ ನಮ್ಮ ಬಿಸಿಲಿಗೆ ಬೆಳಗಿನ ಹೊತ್ತೇ ಸರಿ. ಕಾಲರ್ ಇರುವ ಅಂಗಿ ಬೇಕು, ಜೀನ್ಸ್ ನಡೆಯದು. ನಮ್ಮ ಬುರ್ಖಾದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನಗೆ ಅದೇ ಚಿಂತೆಯಿತ್ತು, ಹಿಂದಿನ ರಾತ್ರಿಯೇ ಅಳಿಯಂದಿರಿಂದ ಫೋನ್ ಮಾಡಿಸಿ ಕೇಳಿಸಿದ್ದೆ.

ಅಮ್ಮಿಯನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿದರು. ಸದ್ದಿಲ್ಲದೆ ಹೊರಟ ಗಾಡಿಯಲ್ಲಿ ಅವರು ಮೊದಲು ಕಂಬಿ ಹಿಡಿದು ಕೂತರು, ಮೂರನೆಯ ಕುಳಿಯ ಹೊತ್ತಿಗೆ ಕೈ ಬಿಟ್ಟು ಆಚೀಚೆ ನೋಡತೊಡಗಿದರು. “ಈ ಹುಲ್ಲಿಗೆಲ್ಲ ನೀರು ಬಿಡ್ತಾರಾ?” ಎಂದು ಕ್ಯಾಡಿಯನ್ನು ಕೇಳಿದರು. “ರಾತ್ರಿಯೆಲ್ಲ ಸ್ಪ್ರಿಂಕ್ಲರ್ ತಿರುಗ್ತವೆ ಅಜ್ಜಿ” ಎಂದ ಆ ಹುಡುಗ. ಅಮ್ಮಿ ಏನೂ ಅನ್ನಲಿಲ್ಲ. ಕೊಡ ಹಿಡಿದು ಕೆರೆಯ ಒಣ ಅಂಗಳದಲ್ಲಿ ಚಿಲುಮೆ ತೋಡಿದ್ದ ದಿನಗಳು ಅವರಿಗೆ ನೆನಪಾಗಿರಬೇಕು, ನನಗಂತೂ ಆಯಿತು. ಅಳಿಯಂದಿರ ಮೊದಲ ಚೆಂಡು ನೀರಿಗೆ ಬಿತ್ತು. “ಇದಕ್ಕಾ ಅಷ್ಟು ದೂರದಿಂದ ಬಂದಿದ್ದು?” ಎಂದು ಅಮ್ಮಿ ಮೆಲ್ಲನೆ ಕೇಳಿದಾಗ ತಂಗಿ ಮುಸುಕಿನೊಳಗೆ ನಕ್ಕು ನಕ್ಕು ಸುಸ್ತಾದಳು.

ಕಲಿಯುವವರಿಗಾಗಿಯೇ ಒಂದು ಬದಿಯಲ್ಲಿ ಸುಮ್ಮನೆ ಚೆಂಡು ಹೊಡೆಯುವ ಜಾಗವಿದೆ. ಬೆಂಗಳೂರಿನ ಅದಿತಿ ಅಶೋಕ್ ಐದಾರು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಥದೇ ಜಾಗದಲ್ಲಿ ಕಲಿಯಲು ಆರಂಭಿಸಿದ್ದಂತೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಕೆ ನಾಲ್ಕನೆಯ ಸ್ಥಾನ ಪಡೆದಾಗ ಚೀಲ ಹೊತ್ತು ಜೊತೆಗೆ ನಡೆದ ಕ್ಯಾಡಿ ಆಕೆಯ ತಾಯಿಯೇ. ಇದನ್ನು ಹೇಳುತ್ತಲೇ ತಂಗಿಯ ಹನ್ನೊಂದು ವರ್ಷದ ಮಗಳು ದಾಂಡು ಹಿಡಿದು ನಿಂತಳು. ಆರು ಸಲ ಗಾಳಿಗೆ ಹೊಡೆದಳು. ಏಳನೆಯದು ಚೆಂಡಿಗೆ ತಾಗಿ ಚೆನ್ನಾಗಿಯೇ ಹಾರಿತು. “ಮಮ್ಮಿ, ನೀವು ಹೊಡೀರಿ” ಎಂದಳು. ತಂಗಿ ಸುತ್ತ ನೋಡಿದಳು. ಗಂಡ ದೂರದಲ್ಲಿ ಆಟದಲ್ಲಿದ್ದಾನೆ. ನೋಡುವವರು ಯಾರೂ ಇಲ್ಲ. ಬುರ್ಖಾದ ತೋಳು ಮಡಚಿ ಹೊಡೆದಳು. ಮೊದಲ ಹೊಡೆತಕ್ಕೇ ಚೆಂಡು ಎಲ್ಲಿ ಹೋಯಿತೋ ನಮಗೆ ಕಾಣಲಿಲ್ಲ. “ಚಿಕ್ಕವಳಿದ್ದಾಗ ಚಿನ್ನಿದಾಂಡಿನಲ್ಲಿ ಬೀದಿ ಹುಡುಗರನ್ನೆಲ್ಲ ಸೋಲಿಸ್ತಿದ್ದಳು, ನಾನೇ ಬೈದು ಬಿಡಿಸಿದ್ದು” ಎಂದರು ಅಮ್ಮಿ.

ರಾತ್ರಿ ವಿಮಾನ ನಿಲ್ದಾಣದ ಬಾಗಿಲಲ್ಲಿ ತಂಗಿ ತಬ್ಬಿಕೊಂಡಳು. ಅತ್ತಳು, ನಿಜ. ಆದರೆ ಅಮ್ಮಿ ಅವಳನ್ನು ನಮ್ಮ ಮನೆಯ ಹೊಸ್ತಿಲಿನಿಂದಲ್ಲದೆ ಅಲ್ಲಿಯವರೆಗೂ ಬಂದು ಕಳುಹಿಸಿದ್ದು ಅದೇ ಮೊದಲು. ಗಾಜಿನ ಆಚೆ ಅವಳ ಬೆನ್ನು ಕಾಣುವವರೆಗೂ ಅಮ್ಮಿ ನಿಂತೇ ಇದ್ದರು, ಮಂಡಿಯ ಮಾತೆತ್ತಲಿಲ್ಲ.

ಮೊನ್ನೆ ಶುಕ್ರವಾರ ಅವಳ ಫೋನ್ ಬಂತು. ಮುಂದಿನ ರಜೆ ಜನವರಿಯಲ್ಲಂತೆ. ನಾಮದ ಚಿಲುಮೆ, ದೇವರಾಯನದುರ್ಗದ ಕಡೆ ಹೋಗೋಣವೇ ಎಂದು ಕೇಳಿದಳು. ಪಕ್ಷಿತಜ್ಞ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡುವಾಗ ಉಳಿದಿದ್ದ ಕಾಡು ಅದು ಎಂದು ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅಮ್ಮಿ ಫೋನು ಕಿತ್ತುಕೊಂಡರು.

“ರೂಮು ನೋಡಕ್ಕೆ ಈ ಸಲ ನಾನೂ ಹೋಗ್ತೀನಿ” ಎಂದರು. “ನಿನ್ನ ಆಪಾ ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ ಅಂತ ನೋಡಿರಲೇ ಇಲ್ಲ.”